ಯಾಡಿಗೊಂದು ಢಾವಲೋ

ಹೆಸರು ಬರೆಯುವುದಿಲ್ಲ. ಬರೆದರೆ ಆಕೆಗೆ ಸಿಟ್ಟು ಬರುತ್ತಿತ್ತು. "ಹೆಸರು ಬರಕೊಂಡು ಹೋದವರು ಯಾರೂ ಒಳ್ಳೇದಕ್ಕ ಬಂದಿಲ್ಲ" ಎನ್ನುವುದು ಆಕೆಯ ಖಚಿತ ಅಭಿಪ್ರಾಯ. ಅದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ರೇಷನ್ ಕಾರ್ಡಿನಲ್ಲಿ ಆಕೆಗೆ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಂತೂ ಯಾವನೋ ಗಂಡಸಿನ ಹೆಸರು. ತಾಂಡಾದ ಸಣ್ಣವರು, ದೊಡ್ಡವರು, ಆಕೆಗಿಂತ ವಯಸ್ಸಾದವರು ಕೂಡ ಆಕೆಯನ್ನು ಯಾಡಿ ಎಂದೇ ಕರೆಯುತ್ತಿದ್ದರು. ಲಂಬಾಣಿ ಮಾತಿನಲ್ಲಿ ಯಾಡಿ ಎಂದರೆ ತಾಯಿ. ಆಕೆಗೆ ಮಕ್ಕಳಿರಲಿಲ್ಲ.

ಈ ಮಳೆಗಾಲದಲ್ಲಿ ಯಾಡಿ ತೀರಿಕೊಂಡಳು. ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮಣ್ಣಿಗೆ ಹೋಗಿ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಗಣಿತದ ಮಾಸ್ತರರು ಮರುಕದಿಂದಲೇ ಕೇಳಿದರು: "ಏನ್ ಮಾಡ್ತಿದ್ರೀ ಅವರು?"

"ಸಂತಿಯೊಳಗ ಕಸಬರಿಗಿ ಮಾರ್ತಿದ್ರು. ಉಳಿದ ಹೊತ್ತಿನ್ಯಾಗ ಅಳೂದು ಕಲಿಸ್ತಿದ್ರು" ಎಂದೆ.

"ಅಳೂದೂ ಕಲಿಸಬೇಕೇನ್ರೀ ಟೀಚರ? ನಮ್ಮ ಮನ್ಯಾಗ ಎಲ್ಲಾರಿಗೂ ತಾನ ಬರತೈತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಮೈಯೆಲ್ಲ ಉರಿಯಿತು. ಅವರು ಕೆಟ್ಟವರಲ್ಲ, ಪಾಪ, ಗೊತ್ತಿಲ್ಲ ಅಷ್ಟೇ. ಗೊತ್ತಾಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಲಂಬಾಣಿಯಾಗಿ ಹುಟ್ಟಿದೆ, ಆದರೆ ಲಂಬಾಣಿ ಮಾತು ಬಾರದವಳಾಗಿ ಬೆಳೆದೆ. ನಮ್ಮಪ್ಪ ಸವಣೂರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ತಾಂಡಾದಿಂದ ಓದಿ ನೌಕರಿ ಹಿಡಿದ ಮೊದಲನೆಯವನು. ಅವನು ಶಾಲೆ ಕಲಿಯುವಾಗ ಅವನ ಕನ್ನಡ ಕೇಳಿ ಹುಡುಗರು ಎಷ್ಟು ಅಣಕಿಸಿದ್ದರೋ ಏನೋ, ಮಕ್ಕಳ ಬಾಯಲ್ಲಿ ನಮ್ಮ ಮಾತಿನ ಒಂದು ಪದವೂ ಬೀಳಬಾರದು ಎಂದು ಹಟ ಹಿಡಿದುಬಿಟ್ಟಿದ್ದ. "ಆ ಮಾತಿಗೆ ಲಿಪಿ ಇಲ್ಲ, ಪರೀಕ್ಷಾ ಇಲ್ಲ, ನೌಕರಿ ಇಲ್ಲ. ಸುಮ್ನ ನಾಲಿಗಿಗೆ ಯಾಕ ಭಾರ?" ಎನ್ನುತ್ತಿದ್ದ. ಅಪ್ಪ ಅವ್ವ ಇಬ್ಬರೂ ಅದನ್ನು ಆಡುತ್ತಿದ್ದುದು ಜಗಳಾಡುವಾಗ, ಇಲ್ಲವೇ ನಮ್ಮಿಂದ ಏನನ್ನೋ ಮುಚ್ಚಿಡುವಾಗ. ಹಾಗಾಗಿ ಅದು ಬೈಯುವ ಮಾತು, ಗುಟ್ಟಿನ ಮಾತು ಎಂದೇ ನಾನು ತಿಳಿದಿದ್ದೆ.

ಆರನೆಯ ಇಯತ್ತೆ ಮುಗಿದ ಬೇಸಿಗೆಯಲ್ಲಿ ಅವ್ವನಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ನನ್ನನ್ನು ಅಜ್ಜನ ಹತ್ತಿರ ತಾಂಡಾಕ್ಕೆ ಬಿಟ್ಟರು. ಶಿಗ್ಗಾಂವಿ ತಾಲೂಕಿನಲ್ಲಿ, ಹಿರೇಬೆಂಡಿಗೇರಿಯಿಂದ ಆಚೆ ಒಂದಿಷ್ಟು ದೂರ ನಡೆದರೆ ನಮ್ಮ ತಾಂಡಾ. ಅಜ್ಜ ಬೆಳಿಗ್ಗೆ ಎದ್ದು ದನ ಹೊಡೆದುಕೊಂಡು ಹೋದರೆ ಬರುವುದು ಸಂಜೆಗೆ. "ಇಲ್ಲೇ ಕುಂದ್ರು, ಯಾಡಿ ನೋಡ್ಕೋತಾಳ" ಎಂದು ನೆರೆಮನೆಯ ಅಂಗಳ ತೋರಿಸಿ ಹೋಗಿಬಿಟ್ಟ. ಯಾಡಿ ನಮ್ಮ ಬಳಗದವಳಲ್ಲ, ನೆರೆಯವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಬೇವಿನ ನೆರಳಲ್ಲಿ ಕುಳಿತು ಈಚಲು ಗರಿಯ ಕಸಬರಿಗೆ ಕಟ್ಟುತ್ತಿದ್ದಳು. ಎತ್ತರದ ಹೆಂಗಸು, ಮೊಣಕೈತನಕ ಬಳೆ, ಬಾಯಿತುಂಬ ಎಲೆಅಡಿಕೆ.

ನನಗೆ ನೀರಡಿಸಿತ್ತು. "ನೀರು ಕೊಡ್ರೀ" ಎಂದೆ. ಆಕೆ ಕಸಬರಿಗೆ ಕಟ್ಟುತ್ತಲೇ ಇದ್ದಳು. "ಯಾಡೀ, ನೀರು ಬೇಕ್ರೀ!" ಎಂದು ಜೋರಾಗಿ ಕೂಗಿದೆ. ತಲೆಯೆತ್ತಿ ಬೇವಿನ ಗಿಡದ ಮೇಲಿನ ಕಾಗೆಯನ್ನು ನೋಡಿದಳು, ಕಾಗೆಯೇ ಏನೋ ಅಂದಿತು ಎನ್ನುವ ಹಾಗೆ. ಕೊಡದ ಕಡೆ ಬೆರಳು ತೋರಿಸಿದೆ. ಆ ಕಡೆ ಬೆನ್ನು ಮಾಡಿ ಕುಳಿತಳು. ಪಾಪ, ಕಿವಿ ಕೇಳಿಸುವುದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಬೀದಿಯಲ್ಲಿ ಹೊರಟಿದ್ದ ಹುಡುಗಿಯೊಬ್ಬಳು ನನ್ನ ಕಿವಿಯಲ್ಲಿ "ಪಾಣಿ ಅನ್ನು" ಎಂದು ಹೇಳಿ ಓಡಿದಳು. "ಯಾಡೀ, ಪಾಣಿ" ಎಂದೆ. ತಟ್ಟನೆ ಎದ್ದವಳೇ ದೊಡ್ಡ ತಂಬಿಗೆಯ ತುಂಬ ನೀರು ತಂದು ಕೊಟ್ಟು, ನನ್ನ ಗದ್ದ ಹಿಡಿದು ಏನೇನೋ ಮಾತಾಡತೊಡಗಿದಳು. ಸಂಜೆಯತನಕ ಆ ಬಾಯಿ ನಿಲ್ಲಲಿಲ್ಲ, ನನಗೆ ಒಂದಕ್ಷರ ತಿಳಿಯಲಿಲ್ಲ.

ಮುಂದಿನ ವಾರ ನನ್ನನ್ನು ಸವಣೂರಿನ ಸಂತೆಗೆ ಕರೆದುಕೊಂಡು ಹೋದಳು. ಅಲ್ಲಿ ನೋಡಿದರೆ ಈ ಕಿವುಡಿ ಗಿರಾಕಿಗಳ ಜೋಡಿ ಏನು ಕನ್ನಡ ಮಾತಾಡುತ್ತಾಳೆ ಅಂತೀರಿ! "ಅಕ್ಕಾರ, ಈ ಕಸಬರಿಗಿ ಒಯ್ದು ನೋಡ್ರಿ, ನಿಮ್ಮ ಸೊಸಿ ತಾನಾಗೇ ಎದ್ದು ಕಸಾ ಹೊಡೀತಾಳ" ಎನ್ನುವಳು. ಎಲೆಯ ಅಂಗಡಿಯ ಸಾಬರ ಜೊತೆ ಉರ್ದುವಿನಲ್ಲಿ ಜಗಳ, ಉರ್ದುವಿನಲ್ಲೇ ನಗು. ನನಗೆ ಸಿಟ್ಟು ನೆತ್ತಿಗೇರಿತು. "ನಿಂಗ ಕನ್ನಡ ಬರತೈತಿ! ನನ್ನ ಕೂಡ ಯಾಕ ಸುಳ್ಳು ಆಡಿದಿ?" ಎಂದು ಸಂತೆಯಲ್ಲೇ ಕಿರುಚಿದೆ. ಆಕೆ ತಿನ್ನಲು ಕೊಂಡಿದ್ದ ಸವಣೂರು ಖಾರದ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದಳು.

ನಾನೂ ಹಟಮಾರಿಯೇ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಗೊತ್ತಿದ್ದ ನಾಲ್ಕು ಪದ ಹೊಂದಿಸುತ್ತ ಕುಳಿತೆ. ಹಿರೇಬೆಂಡಿಗೇರಿ ಬರುವ ಹೊತ್ತಿಗೆ ಆ ಸಿಟ್ಟನ್ನೇ ನಮ್ಮ ಮಾತಿನಲ್ಲಿ ಮುರುಕಲು ಮುರುಕಲಾಗಿ ಉಗುಳಿದೆ. ಯಾಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಉತ್ತರ ಕೊಟ್ಟಳು. ಆಕೆ ನಮ್ಮ ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ಹಾಕುತ್ತಿದ್ದೇನೆ, ಮುಂದೆಯೂ ಹಾಗೇ ಮಾಡುತ್ತೇನೆ: "ಕನ್ನಡ ಸಂತಿಯೊಳಗ ನನಗ ಅನ್ನ ಕೊಡತೈತಿ, ಅದಕ್ಕ ಅಲ್ಲಿ ಆಡತೇನಿ. ನಮ್ಮ ಅಂಗಳದಾಗ ಅದನ್ನ ಆಡಿದ್ರ ನೀ ಅದರಾಗ ಆರಾಮ ಕುಂತ ಬಿಡ್ತಿ. ಆಮ್ಯಾಲೆ ನಿನಗ ಇದನ್ನ ಯಾರು ಕೊಡಬೇಕು?"

ಹೀಗೆ ನನ್ನ ಶಾಲೆ ಶುರುವಾಯಿತು. ಪಾಟಿ ಇಲ್ಲ, ಪುಸ್ತಕ ಇಲ್ಲ. ಯಾಡಿಯ ಪದ್ಧತಿ ಒಂದೇ: ನನ್ನ ಕೈಯಲ್ಲಿ ಮನೆಮನೆಗೆ ಸುದ್ದಿ ಕಳಿಸುವುದು. "ಹೋಗಿ ಆ ಕಡೀಮನಿಯಾಕಿಗೆ ಹೇಳಿ ಬಾ, ನಿನ್ನ ಹುಂಜ ಹೊತ್ತು ಏರಿದ ಮ್ಯಾಲೆ ಕೂಗತೈತಿ, ಅದೂ ನಿನ್ನ ಗಂಡನ್ನ ನೋಡಿ ಕಲಿತದ ಏನು ಅಂತ ಕೇಳು." ಇಷ್ಟುದ್ದದ ಸುದ್ದಿಯನ್ನು ದಾರಿಯುದ್ದಕ್ಕೂ ಗೊಣಗುತ್ತ ಹೋಗಿ ಒಪ್ಪಿಸಿ ಬರಬೇಕು. ಬಂದ ಕೂಡಲೇ ಆಕೆಯ ಪ್ರಶ್ನೆ: "ನಕ್ಕಳೋ?" ನಕ್ಕಿದ್ದರೆ ನಾನು ಸರಿಯಾಗಿ ಹೇಳಿದ್ದೇನೆ ಎಂದು ಅರ್ಥ. ನಗದಿದ್ದರೆ ಮತ್ತೆ ಹೋಗಬೇಕು. ಮೊದಮೊದಲು ಎಲ್ಲರೂ ನಗುತ್ತಿದ್ದರು, ಆದರೆ ಸುದ್ದಿಗಲ್ಲ, ನನ್ನ ನಾಲಿಗೆಗೆ. ಆ ನಗು ಬೇರೆ, ಈ ನಗು ಬೇರೆ ಎನ್ನುವುದು ನನ್ನ ಮುಖ ನೋಡಿದರೇ ಯಾಡಿಗೆ ತಿಳಿಯುತ್ತಿತ್ತು. "ಇದು ನಡ್ಯೂದಿಲ್ಲ, ನಡಿ ಮತ್ತ" ಎಂದು ಓಡಿಸುತ್ತಿದ್ದಳು. ಬಿಸಿಲಲ್ಲಿ ಓಡಾಡಿ ಕರ್ರಗಾದೆ. ಒಂದು ದಿನ ಕಡೀಮನೆಯ ಹೆಂಗಸು ನನ್ನ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕು, ತಿರುಗುತ್ತರವನ್ನೂ ಹೇಳಿ ಕಳಿಸಿದಳು. ಅದನ್ನು ಹೊತ್ತು ತಂದು ಹೇಳಿದಾಗ ಯಾಡಿಯೂ ನಕ್ಕಳು. ಶಾಲೆಯಲ್ಲಿ ಮೊದಲನೇ ನಂಬರು ಬಂದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಇನ್ನು ಅಳುವ ವಿದ್ಯೆಗೆ ಬರುತ್ತೇನೆ. ನಮ್ಮಲ್ಲಿ ಮದುವೆಯಾಗಿ ಹೊರಡುವ ಹುಡುಗಿ ಒಬ್ಬೊಬ್ಬರ ಕೊರಳಿಗೂ ಬಿದ್ದು, ಅಳುತ್ತಲೇ ರಾಗವಾಗಿ ಹಾಡುತ್ತಾಳೆ. ಅದಕ್ಕೆ ಢಾವಲೋ ಎನ್ನುತ್ತಾರೆ. ತಾಯಿಗೊಂದು, ತಂದೆಗೊಂದು, ಅಣ್ಣನಿಗೊಂದು, ಗೆಳತಿಗೊಂದು. ಬಾಯಿಪಾಠದ ಹಾಡಲ್ಲ ಅದು. ರಾಗ ಹಳೆಯದು, ಮಾತು ಮಾತ್ರ ಆಕೆಯದೇ ಆಗಿರಬೇಕು, ಅಲ್ಲೇ ಆಗ ಹುಟ್ಟಬೇಕು. ಮಾತು ಚೆನ್ನಾಗಿ ಬಾರದವಳಿಗೆ ಇದು ಆಗುವ ಕೆಲಸವಲ್ಲ. ಅದಕ್ಕೇ ಮದುವೆ ಗೊತ್ತಾದ ಹುಡುಗಿಯರು ದಿನಾ ಸಂಜೆ ಯಾಡಿಯ ಅಂಗಳಕ್ಕೆ ಬರುತ್ತಿದ್ದರು.

ನಾನು ಬೇವಿನ ಬುಡದಲ್ಲಿ ಕುಳಿತು ನೋಡುತ್ತಿದ್ದೆ. ಹುಡುಗಿ ಶುರುಮಾಡುವಳು: "ಯಾಡೀ, ನನ್ನ ಹೆತ್ತು ಹೊತ್ತು ಸಾಕಿದಿ..." ಯಾಡಿ ತಡೆಯುವಳು: "ನಿಲ್ಲು. ಇದನ್ನ ಎಲ್ಲಾರೂ ಹಾಡತಾರ. ನಿಮ್ಮವ್ವ ನಿನಗ ಏನು ಮಾಡ್ಯಾಳ, ನಿನಗಷ್ಟ ಗೊತ್ತಿರೂದು ಹೇಳು." ಹುಡುಗಿ ಬಹಳ ಹೊತ್ತು ಯೋಚಿಸಿ, "ಹೊತ್ತಿದ ರೊಟ್ಟಿ ತಾ ತಿಂದು ನನಗ ಚಲೋದು ಕೊಡತಿದ್ಲು" ಎನ್ನುವಳು. "ಯಾವಾಗ? ಒಂದು ದಿನದ್ದು ಹೇಳು." ಹಾಗೆ ಕೆದಕಿ ಕೆದಕಿ, ಒಂದು ದಿನ, ಒಂದು ಒಲೆ, ಒಂದು ರೊಟ್ಟಿ ಹೊರಬೀಳುವ ಹೊತ್ತಿಗೆ ಹುಡುಗಿಯ ಕಣ್ಣು ತುಂಬಿರುತ್ತಿತ್ತು. "ಈಗ ರಾಗ ಹಿಡಿ" ಎನ್ನುವಳು ಯಾಡಿ.

ಒಬ್ಬಳು ಬಂದಳು. ಆಕೆಗೆ ಮಲತಾಯಿ. "ನಾ ಆಕಿಗೆ ಏನು ಹಾಡಲಿ? ಆಕಿ ನನಗ ಏನೂ ಮಾಡಿಲ್ಲ" ಎಂದು ಮುಖ ಊದಿಸಿ ಕುಳಿತಳು. ಬೇರೆ ಯಾರಾದರೂ ಆಗಿದ್ದರೆ ಏನೋ ಒಂದು ಸಿಹಿಮಾತು ಹೇಳಿಕೊಡುತ್ತಿದ್ದರು. ಯಾಡಿ ಹೇಳಿದ್ದು: "ಇಲ್ಲದ್ದು ಹಾಡಬ್ಯಾಡ. ಬೈಯೂದು ಐತೇನು? ಬೈ. ಆದ್ರ ರಾಗದಾಗ ಬೈ, ಖರೇ ಇದ್ದದ್ದು ಬೈ." ಮದುವೆಯ ದಿನ ಆ ಹುಡುಗಿ ಮಲತಾಯಿಯ ಕೊರಳಿಗೆ ಬಿದ್ದು, ತಾನು ಚಳಿಯಲ್ಲಿ ಅಂಗಳದಲ್ಲಿ ಮಲಗಿದ್ದನ್ನೆಲ್ಲ ಒಂದೂ ಬಿಡದೆ ಹಾಡಿದಳು. ಆ ಮಲತಾಯಿ ಅತ್ತಷ್ಟು ನಮ್ಮ ತಾಂಡಾದಲ್ಲಿ ಹಡೆದ ತಾಯಂದಿರು ಕೂಡ ಅತ್ತಿಲ್ಲ. ಇಬ್ಬರೂ ಕೊರಳು ಬಿಡಲೊಲ್ಲರು. ಕೊನೆಗೆ ಗಂಡಿನ ಕಡೆಯವರು ಬಂದು ಬಿಡಿಸಬೇಕಾಯಿತು.

ಅದೇ ಮದುವೆಯಲ್ಲಿ ನಾನೊಂದು ನೋಡಿದೆ. ಹುಡುಗಿ ಎಲ್ಲರ ಕೊರಳಿಗೂ ಬಿದ್ದು ಹಾಡಿದಳು, ಯಾಡಿಯ ಹತ್ತಿರ ಮಾತ್ರ ಬರಲಿಲ್ಲ. ಯಾಡಿ ಅಡಿಗೆಯ ಹಂಡೆಗಳ ಹಿಂದೆ ನಿಂತು, ಕುತ್ತಿಗೆ ಉದ್ದ ಮಾಡಿ, ಆ ಹುಡುಗಿಯ ಒಂದೊಂದು ಮಾತಿಗೂ ತುಟಿ ಅಲ್ಲಾಡಿಸುತ್ತಿದ್ದಳು. ಮನೆಗೆ ಬರುವಾಗ ಕೇಳಿದೆ: "ನಿನಗ ಯಾಕ ಹಾಡಲಿಲ್ಲ?"

"ಕಲಿಸಿದಾಕಿಗೆ ಹಾಡೂ ಪದ್ಧತಿ ಇಲ್ಲ. ಹಡೆದವರಿಗೆ, ಕೂಡಿ ಬೆಳೆದವರಿಗೆ ಹಾಡತಾರ."

"ಒಬ್ಬರೂ ಹಾಡಿಲ್ಲೇನು?"

"ಇಲ್ಲ." ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಹೇಳಿದಳು: "ನನಗೂ ಆಸೆ ಐತಿ. ಒಂದು ಮಗಳಿದ್ದಿದ್ರ ನನ್ನ ಬಗ್ಗೆ ಏನು ಹಾಡತಿದ್ಲೋ ಅಂತ ಭಾಳ ಸಲ ವಿಚಾರ ಮಾಡತೇನಿ. ಊರ ಮಂದೀದೆಲ್ಲ ಕೇಳೇನಿ. ನನ್ನದು ನಾ ಕೇಳಿಲ್ಲ."

ನಾನು ಅಲ್ಲೇ ನಿಂತು ಎದೆ ತಟ್ಟಿಕೊಂಡು ಹೇಳಿದೆ: "ನನ್ನ ಮದಿವ್ಯಾಗ ನಾ ನಿನಗ ಹಾಡತೇನಿ!"

ಯಾಡಿ ನನ್ನ ಜಡೆ ಜಗ್ಗಿದಳು. "ಮೊದಲು ನೆಟ್ಟಗ ಪಾಣಿ ಬೇಡೂದು ಕಲಿ, ಛೋರಿ."

ಛೋರಿ ಎಂದರೆ ಹುಡುಗಿ. ಆ ಮಾತಿನಲ್ಲಿದ್ದ ಗೇಲಿ ನನಗೆ ಚುಚ್ಚಿತು. ನಾಳೆಯಿಂದಲೇ ಕಲಿಯುತ್ತೇನೆ ಅಂದುಕೊಂಡೆ. ಶಾಲೆಯಲ್ಲಿ ಪದ್ಯ ಬಾಯಿಪಾಠ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹುಡುಗಿಯೊಬ್ಬಳು ಅಣ್ಣನಿಗೆ ಹಾಡುವ ಢಾವಲೋ ಕೇಳಿ ಕೇಳಿ, ರಾಗದ ಸಮೇತ, ಬಿಕ್ಕುವ ಜಾಗದ ಸಮೇತ ಬಾಯಿಪಾಠ ಮಾಡಿದೆ. ಒಂದು ದಿನ ಬೆಳಿಗ್ಗೆ ಕೊಡ ಹೊತ್ತುಕೊಂಡು ನೀರಿಗೆ ಹೊರಟವಳು, ತಾಂಡಾದ ನಾಯಕನ ಮನೆ ಮುಂದೆ ಬಂದಾಗ, ಚೆಂದ ಬರುತ್ತಿದೆ ಅನ್ನಿಸಿ ದನಿ ಎತ್ತಿ ಹಾಡಿದೆ.

ಮದುವೆ ಇಲ್ಲದ ದಿನ, ಬೆಳ್ಳಂಬೆಳಿಗ್ಗೆ, ಒಬ್ಬರ ಬಾಗಿಲ ಮುಂದೆ "ಅಣ್ಣಾ, ಇನ್ನ ನಿನ್ನ ಮುಖ ಎಲ್ಲಿ ನೋಡಲಿ" ಎಂದು ಅಳುವ ದನಿ ಕೇಳಿದರೆ ಏನಾಗಬೇಕು? ನಾಯಕನ ಮಗ ಹಿಂದಿನ ದಿನವಷ್ಟೇ ದೂರದ ಊರಿಗೆ ದುಡಿಯಲು ಹೋಗುವ ಗುಂಪಿನ ಜೊತೆ ಹೋಗಿದ್ದ. ಅವನ ತಾಯಿ "ನನ್ನ ಮಗಗ ಏನಾತೋ!" ಎಂದು ಎದೆ ಬಡಿದುಕೊಂಡು ಹೊರಗೆ ಓಡಿಬಂದಳು. ಆಕೆಯ ಹಿಂದೆ ಸೊಸೆ, ಸೊಸೆಯ ಹಿಂದೆ ನೆರೆಯವರು. ಗಂಡಸರು ಹಲ್ಲುಜ್ಜುತ್ತಿದ್ದ ಬೇವಿನ ಕಡ್ಡಿ ಬಾಯಲ್ಲೇ ಇಟ್ಟುಕೊಂಡು ಬಂದರು. ನೋಡುವುದರೊಳಗೆ ಇಡೀ ತಾಂಡಾ ನನ್ನ ಸುತ್ತ. ನಡುವೆ ನಾನು, ತಲೆಯ ಮೇಲೆ ಖಾಲಿ ಕೊಡ. ಸಂಗತಿ ಗೊತ್ತಾದ ಮೇಲೆ ಆ ತಾಯಿ ಬೈದ ಬೈಗುಳವನ್ನು ಇಲ್ಲಿ ಬರೆದರೆ ನನ್ನ ನೌಕರಿ ಹೋದೀತು. ಅವಷ್ಟೂ ನನಗೆ ಪೂರ್ತಿ ತಿಳಿದವು ಎನ್ನುವುದನ್ನು ಮಾತ್ರ ಹೇಳಬೇಕು.

ಅಳುತ್ತ ಯಾಡಿಯ ಹತ್ತಿರ ಓಡಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಳು ಕೂಡ: "ಮಂದಿ ಬಾಗಿಲಾಗ ಸುಮ್‌ಸುಮ್ನ ಢಾವಲೋ ಹಾಡಬಾರದು, ಖಬರ್ ಐತೇನು ನಿನಗ?" ಆಮೇಲೆ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು, "ಎಲ್ಲಾರೂ ಓಡಿ ಬಂದ್ರೇನು?" ಎಂದು ಕೇಳಿದಳು.

"ಎಲ್ಲಾರೂ."

"ನಾಯಕನ ಹೇಣ್ತಿ ಖರೇನ ಅತ್ತಳೇನು?"

"ಅತ್ಲು."

ಯಾಡಿಯ ಮುಖದ ಮೇಲೆ ಮೂಡಿದ ಹೆಮ್ಮೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ. "ಬಂದಾಗ ನೀರು ಬೇಡಾಕ ಬಾಯಿ ಇರಲಿಲ್ಲ. ಈಗ ನಿನ್ನ ಬಾಯಿ ಕೇಳಿ ತಾಂಡಾ ಓಡಿ ಬಂದದ. ಪ್ಯಾಟಿ ಹುಡುಗಿ ಹಾಡಾಕತ್ತಾಳಂತ ಒಬ್ಬರಿಗೂ ಗೊತ್ತಾಗಿಲ್ಲ!" ಎಂದು ಹೇಳಿ, ನಕ್ಕು, ಮತ್ತೆ ಗಂಭೀರವಾದಳು. "ಆದ್ರ ಅದು ಆಕಿ ಹಾಡು, ನಿಂದಲ್ಲ. ನಿಂದು ನೀನ ಮಾಡಬೇಕು. ಅದಕ್ಕ ಇನ್ನಾ ಭಾಳ ದಿನಾ ಬೇಕು."

ಬಹಳ ದಿನವೇ ಬೇಕಾದವು. ಮುಂದಿನ ಪ್ರತಿ ಬೇಸಿಗೆ, ಪ್ರತಿ ದೀಪಾವಳಿ ತಾಂಡಾದಲ್ಲೇ ಕಳೆದೆ. ಒಮ್ಮೆ ಅಲ್ಲಿ ಜ್ವರ ಬಂದು ಮಲಗಿದ್ದಾಗ ಕನ್ನಡದಲ್ಲಿ ಕನವರಿಸಿದೆನಂತೆ. "ಇನ್ನಾ ಒಳಗ ಇಳದಿಲ್ಲ" ಎಂದಳು ಯಾಡಿ, ಹಣೆಯ ಮೇಲೆ ಒದ್ದೆ ಅರಿವೆ ಹಾಕುತ್ತ. ಪಿಯುಸಿಗೆ ಬರುವ ಹೊತ್ತಿಗೆ ನಮ್ಮ ಮಾತಿನಲ್ಲಿ ಜಗಳಾಡಬಲ್ಲೆ, ಸುಳ್ಳು ಹೇಳಬಲ್ಲೆ, ಸತ್ತವರ ಮನೆಗೆ ಹೋಗಿ ಕುಳಿತು ಮಾತಾಡಬಲ್ಲೆ ಎನ್ನುವಷ್ಟಾಯಿತು. ಅಷ್ಟರಲ್ಲಿ ತಾಂಡಾದ ನನ್ನ ಓರಗೆಯ ಹುಡುಗಿಯರು ನಾನು ಬಿಟ್ಟ ದಾರಿ ಹಿಡಿದಿದ್ದರು. ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಯಾಡಿ ಏನಾದರೂ ಕೇಳಿದರೆ ಸುತ್ತ ನೋಡಿ ಮೆಲ್ಲಗೆ ಕನ್ನಡದಲ್ಲಿ ಉತ್ತರಿಸುತ್ತಿದ್ದರು. ಯಾಡಿ ಬೇಕಂತಲೇ ದನಿ ಏರಿಸುತ್ತಿದ್ದಳು, ನಾನು ಆಕೆಗಿಂತ ಜೋರಾಗಿ ಉತ್ತರ ಕೊಡುತ್ತಿದ್ದೆ. ಕಾಲೇಜು ಬ್ಯಾಗು ಹಾಕಿಕೊಂಡವಳು ಲಂಬಾಣಿಯಲ್ಲಿ ಗಂಟಲು ಹರಿದುಕೊಳ್ಳುವುದನ್ನು ಜನ ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ, ನನಗೆ ಹಬ್ಬವೇ ಆಗುತ್ತಿತ್ತು.

ನೌಕರಿ ಸಿಕ್ಕ ಮೇಲೆ ಒಮ್ಮೆ ಶಾಲೆಯ ಮಕ್ಕಳನ್ನು ಆಡೂರಿಗೆ ಕರೆದುಕೊಂಡು ಹೋಗಿ ಹಳೆಯ ಶಾಸನ ತೋರಿಸಿ ಬಂದೆ. ಅದನ್ನು ಯಾಡಿಗೆ ಹೇಳಿದೆ, ನಮ್ಮ ಮಾತಿನಲ್ಲೇ: ಕಲ್ಲಿನ ಮೇಲೆ ಕೊರೆದಿದ್ದಾರೆ, ಕೊರೆದವರು ಹೋಗಿ ಎಷ್ಟೋ ಕಾಲವಾಯಿತು, ಮಾತು ಮಾತ್ರ ಉಳಿದಿದೆ ಎಂದೆ. ಯಾಡಿ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡು, "ಕಲ್ಲಿನವರು ಪುಣ್ಯವಂತರು. ನಮ್ಮದು ಬಾಯಾಗಷ್ಟ ಐತಿ. ಅದಕ್ಕ ನಾ ಬಾಯಿ ಮುಚ್ಚೂದಿಲ್ಲ" ಎಂದು ಎಲೆ ಬಾಯಿಗಿಟ್ಟುಕೊಂಡಳು.

ನನ್ನ ಮದುವೆ ಗೊತ್ತಾಯಿತು. ಗಂಡು ಹಿರೇಕೆರೂರು ಕಡೆಯ ತಾಂಡಾದವರು. ಮದುವೆ ಶಿಗ್ಗಾಂವಿಯ ಕಲ್ಯಾಣ ಮಂಟಪದಲ್ಲಿ. ನಾನೂ ಎಲ್ಲ ಹುಡುಗಿಯರ ಹಾಗೆ ಸಂಜೆ ಸಂಜೆ ಹೋಗಿ ಯಾಡಿಯ ಮುಂದೆ ಕುಳಿತೆ. ಅವ್ವನಿಗೆ ಏನು, ಅಪ್ಪನಿಗೆ ಏನು, ತಮ್ಮನಿಗೆ ಏನು ಎಂದು ಕೆದಕಿ ಕೆದಕಿ ತೆಗೆಸಿದಳು. ಅಂದು ಮದುವೆಯಿಂದ ಬರುವ ದಾರಿಯಲ್ಲಿ ನಾನು ಕೊಟ್ಟ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರೆತಿದ್ದಾಳೋ ಏನೋ ಎಂದು ನನಗೆ ಅನುಮಾನ. ನನಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಉಳಿದವರಿಗೆ ಹಾಡುವುದನ್ನು ಕಲಿಸಲು ಆಕೆಯಿದ್ದಳು. ಆಕೆಗೆ ಹಾಡುವುದನ್ನು ನನಗೆ ಕಲಿಸುವವರು ಯಾರು? ಕಡ ತಂದ ನಾಲಿಗೆ ಇದು, ಆ ಹೊತ್ತಿಗೆ ಕೈಕೊಟ್ಟರೆ?

ಮದುವೆಯ ದಿನ ಡಿಜೆ, ಫೋಟೋ, ಊಟ ಎಲ್ಲ ಮುಗಿದು ಹೊರಡುವ ಹೊತ್ತಾಯಿತು. ಹೊರಗೆ ಬೀಗರ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಗಂಡಿನ ಸೋದರಮಾವ, "ಢಾವಲೋ ಗೀವಲೋ ಈಗ ಯಾರು ಮಾಡ್ತಾರ್ರೀ, ಹುಡುಗಿ ಟೀಚರ್ ಅದಾರ. ಹೊತ್ತಾತು, ಏರ್ರಿ ಬಸ್ಸು" ಎಂದರು. ನಾನು ಏರಲಿಲ್ಲ. ಅವ್ವನ ಕೊರಳಿಗೆ ಬಿದ್ದು ಹಾಡಿದೆ. ಅಪ್ಪನಿಗೆ ಹಾಡಿದೆ. ಮಕ್ಕಳ ನಾಲಿಗೆಗೆ ಭಾರ ಬೇಡ ಎಂದಿದ್ದ ಅಪ್ಪ, ಅಷ್ಟು ಜನರ ನಡುವೆ, ನಮ್ಮ ಮಾತಿನಲ್ಲೇ ನನಗೆ ಸಮಾಧಾನ ಹೇಳುತ್ತ ಅತ್ತ. ತಮ್ಮನಿಗೂ ಹಾಡಿ ಮುಗಿಸಿದಾಗ ಹೆಂಗಸರು ನನ್ನ ತೋಳು ಹಿಡಿದು ಬಸ್ಸಿನ ಕಡೆ ತಿರುಗಿಸಿದರು.

ನಾನು ಕೈ ಬಿಡಿಸಿಕೊಂಡು ಊಟದ ಕೋಣೆಗೆ ಹೋದೆ. ಮಡಚಿಟ್ಟ ಕುರ್ಚಿಗಳ ಹಿಂದೆ, ತೊಳೆಯಲು ಹಾಕಿದ ಪಾತ್ರೆಗಳ ಪಕ್ಕದಲ್ಲಿ ಯಾಡಿ ನಿಂತಿದ್ದಳು. ನಾನು ಬರುವುದನ್ನು ನೋಡಿ, ಹಿಂದೆ ಯಾರೋ ಇದ್ದಾರೆ ಎಂದು ತಿರುಗಿ ನೋಡಿದಳು. ಹಿಂದೆ ಗೋಡೆಯಿತ್ತು. ಆಕೆಯ ಕೊರಳಿಗೆ ಬಿದ್ದೆ.

ಮೊದಲು ಎಲ್ಲರೂ ಹಾಡುವುದೇ ಬಾಯಿಗೆ ಬಂತು. ನಿಲ್ಲಿಸಿದೆ. ಉಸಿರು ಎಳೆದುಕೊಂಡು ಮತ್ತೆ ಶುರುಮಾಡಿದೆ. ನಮ್ಮ ಮಾತಿನಲ್ಲಿ ಹಾಡಿದ್ದರ ಸುಮಾರು ಅರ್ಥ ಇದು:

"ಯಾಡೀ, ಜ್ವರದಾಗ ಮಲಗಿದ್ದೆ ನಾ ನಿನ್ನ ಕೌದಿ ಮ್ಯಾಲೆ,
ಒದ್ದಿ ಅರಿವಿ ಹಾಕಿದಿ, ಇನ್ನಾ ಒಳಗ ಇಳದಿಲ್ಲ ಅಂದಿ.
ಈಗ ಇಳದೈತಿ ಯಾಡಿ, ಕನಸಿನಾಗೂ ನಿನ್ನ ಮಾತ ಆಡತೇನಿ.
ಹಡೆದವ್ವಗ ಎರಡು ಮಕ್ಕಳು, ಅಳಾಕ ಎರಡು ಬಾಯಿ,
ನಿನಗ ನಾ ಒಬ್ಬಾಕಿ, ನನ್ನ ಬಾಯಿನೂ ನೀ ಕೊಟ್ಟದ್ದ.
ಹಿರೇಕೆರೂರಾಗ ನನಗ ನೀರಡಿಕಿ ಆದ್ರ
ಯಾರ ಅಂಗಳಕ್ಕ ಹೋಗಿ ಬೇಡಲಿ, ಯಾಡೀ?"

ಇಡೀ ತಾಂಡಾಕ್ಕೆ ಅಳುವುದನ್ನು ಕಲಿಸಿದ ಯಾಡಿ ಅಳುವುದನ್ನು ನಾನು ಅದೇ ಮೊದಲು ಕಂಡೆ. ಯಾರೂ ಕಲಿಸದವರ ಹಾಗೆ, ರಾಗ ತಾಳ ಏನೂ ಇಲ್ಲದೆ, ಬಾಯಿ ತೆರೆದು ಅತ್ತಳು. ಬಾಗಿಲಲ್ಲಿ ತಾಂಡಾದ ಹೆಂಗಸರು ಗುಂಪುಗೂಡಿದ್ದರು. ಆಕೆ ಕಲಿಸಿ ಕಳಿಸಿದ್ದ ಎಷ್ಟೋ ಜನ ಅವರಲ್ಲಿದ್ದರು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು, "ನಮಗ್ಯಾಕ ಇದು ಹೊಳೀಲಿಲ್ಲ" ಎಂದಳು.

ಹಾರ್ನ್ ಮತ್ತೆ ಆಯಿತು. ಸೋದರಮಾವ ಒಳಗೆ ಬಂದು, "ಆತಲ್ರೀ, ಇನ್ನ ನಡ್ರಿ" ಎಂದರು.

ಯಾಡಿ ಓಢಣಿಯಿಂದ ಮೊದಲು ನನ್ನ ಮುಖ, ಆಮೇಲೆ ತನ್ನ ಮುಖ ಒರೆಸಿದಳು. ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು, ಬೀಗರ ಮುಂದೆ ತನ್ನ ಪೂರಾ ಎತ್ತರಕ್ಕೆ ನೆಟ್ಟಗೆ ನಿಂತಳು.

"ನಿಮ್ಮ ಬಸ್ಸು ನಿಲ್ಲಲಿ" ಎಂದಳು. "ಇದು ನನಗ ಹಾಡಿದ್ದು. ಅತ್ತ ಭರದಾಗ ನಡುವಿನದು ನನಗ ನೆಟ್ಟಗ ಕೇಳಿಸಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಮೊದಲಿಂದ ಹಾಡು, ಮಗಳ."